ಬ್ಯಾಟರಿಯನ್ನು ದೂಷಿಸುವ ಮುನ್ನ: ಲ್ಯಾಪ್‌ಟಾಪ್ ದುರಸ್ತಿಗಾರರಿಗೊಂದು ಬಹಿರಂಗ ಪತ್ರ

ಮಾನ್ಯ ಮಹನೀಯರೇ,

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಇಕ್ಕಟ್ಟಾದ ಮಳಿಗೆಗಳಲ್ಲಿಯೂ, ಜಿಲ್ಲಾ ಕೇಂದ್ರಗಳ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದು ಮೇಜು, ಒಂದು ದೀಪ, ಒಂದು ಸೋಲ್ಡರಿಂಗ್ ಐರನ್ ಇಷ್ಟನ್ನೇ ಬಂಡವಾಳವಾಗಿ ಉಳ್ಳ ಅಂಗಡಿಗಳಲ್ಲಿಯೂ ಕುಳಿತು, ಕೆಟ್ಟು ಬಂದ ಲ್ಯಾಪ್‌ಟಾಪುಗಳನ್ನು ಸರಿಪಡಿಸಿ ಕೊಡುತ್ತಿರುವ ತಮ್ಮೆಲ್ಲರನ್ನು ಕುರಿತು ಈ ಪತ್ರವನ್ನು ಬರೆಯುತ್ತಿದ್ದೇನೆ. ತಯಾರಕರು ಕೈಬಿಟ್ಟ ಯಂತ್ರಗಳನ್ನು ಇನ್ನೂ ಐದಾರು ವರ್ಷ ದುಡಿಯುವಂತೆ ಮಾಡುವ ತಮ್ಮ ಹಸ್ತಕೌಶಲದ ವಿಷಯದಲ್ಲಿ ನನಗಿರುವ ಗೌರವ ಅಲ್ಪವಾದುದಲ್ಲ; ವಿದ್ಯಾರ್ಥಿಗಳೂ ಅಧ್ಯಾಪಕರೂ ಬಳಸುವ ಹಳೆಯ ಲ್ಯಾಪ್‌ಟಾಪುಗಳ ಯೋಗಕ್ಷೇಮವನ್ನು ನೋಡಿಕೊಳ್ಳುವ ಕೆಲಸದಲ್ಲಿ ನಾನು ತಮ್ಮ ನೆರವನ್ನು ಪಡೆಯದ ವರ್ಷವೇ ಇಲ್ಲ. ಆದರೂ, ತಮ್ಮ ಬಳಿಗೆ ದಿನ ಬೆಳಗಾದರೆ ಬರುವ ಒಂದು ದೂರಿನ ಸಂಬಂಧವಾಗಿ, ಪರೀಕ್ಷೆ ನಡೆಯುವುದಕ್ಕೆ ಮೊದಲೇ ನಿರ್ಣಯವನ್ನು ಹೇಳಿಬಿಡುವ ರೂಢಿಯೊಂದು ನಮ್ಮಲ್ಲಿ ಬೇರೂರಿರುವುದನ್ನು ಕಂಡು, ಅದನ್ನು ಕುರಿತು ನಾಲ್ಕು ಮಾತುಗಳನ್ನು ಬಿಚ್ಚುಮನಸ್ಸಿನಿಂದ ಅರಿಕೆ ಮಾಡಿಕೊಳ್ಳಬೇಕೆಂದು ತೋರಿತು.

ಆ ದೂರು ತಮಗೆ ಚಿರಪರಿಚಿತವಾದುದೇ. “ನಲವತ್ತು ಪರ್ಸೆಂಟ್ ಇದ್ದಾಗಲೇ ಆಫ್ ಆಗಿಬಿಡುತ್ತದೆ” ಎಂದು ಒಬ್ಬರು. “ಎರಡು ದಿನದಿಂದ ನೂರರಲ್ಲೇ ನಿಂತಿದೆ” ಎಂದು ಇನ್ನೊಬ್ಬರು. “ಅರ್ಧ ಚಾರ್ಜ್ ಇರುವಾಗ ಎರಡೇ ನಿಮಿಷ ಉಳಿದಿದೆ ಎನ್ನುತ್ತದೆ” ಎಂದು ಮತ್ತೊಬ್ಬರು. ಈ ಮೂರಕ್ಕೂ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: “ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ.” ಈ ಉತ್ತರ ಎಷ್ಟೋ ಸಲ ನಿಜವಾಗಿರುವುದುಂಟು, ಸವೆದ ಬ್ಯಾಟರಿಯನ್ನು ಬದಲಾಯಿಸದೆ ಗತ್ಯಂತರವಿಲ್ಲ ಎಂಬುದನ್ನು ಅಲ್ಲಗಳೆಯುವ ಉದ್ದೇಶ ನನ್ನದಲ್ಲ. ನನ್ನ ಬಿನ್ನಹವಿಷ್ಟೆ: ಮೇಲೆ ಹೇಳಿದ ಮೂರು ದೂರುಗಳಿಗೆ ಕಾರಣಗಳು ಬೇರೆ ಬೇರೆಯಾಗಿರಬಹುದು, ಅವುಗಳಲ್ಲಿ ಕೆಲವು ಬ್ಯಾಟರಿಯೊಳಗೆ ಇರುವಂಥವು, ಕೆಲವು ಬ್ಯಾಟರಿಯ ವಿಷಯವಾಗಿ ವರದಿ ಮಾಡುವ ತಂತ್ರಾಂಶದೊಳಗೆ ಇರುವಂಥವು, ಯಾವುದು ಯಾವುದೆಂದು ವಿವೇಚಿಸಲು ಹತ್ತು ನಿಮಿಷವೂ ಬೇಡ, ಆ ವಿವೇಚನೆಯನ್ನು ಮಾಡದೆ ಗ್ರಾಹಕನಿಂದ ಕೆಲವು ಸಾವಿರ ರೂಪಾಯಿಗಳನ್ನು ಖರ್ಚು ಮಾಡಿಸುವುದು ನ್ಯಾಯವಲ್ಲ.

ಪರದೆಯ ಮೂಲೆಯಲ್ಲಿ ಕಾಣುವ ಆ ಶೇಕಡಾಂಕ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಸಾವಧಾನವಾಗಿ ನೋಡೋಣ. ಬ್ಯಾಟರಿಯ ಪ್ಯಾಕಿನೊಳಗೆ ಲಿಥಿಯಂ ಸೆಲ್ಲುಗಳ ಜೊತೆಗೆ ಗೇಜ್ ಐಸಿ ಎಂಬ ಒಂದು ಚಿಕ್ಕ ಚಿಪ್ ಇರುತ್ತದೆ; 1995ರಲ್ಲಿ ಡ್ಯುರಾಸೆಲ್ ಮತ್ತು ಇಂಟೆಲ್ ಸಂಸ್ಥೆಗಳು ಕೂಡಿ ಪ್ರಕಟಿಸಿದ ಸ್ಮಾರ್ಟ್ ಬ್ಯಾಟರಿ ನಿಯಮಾವಳಿಯ ಮೇರೆಗೆ ಅದು ತನ್ನ ಲೆಕ್ಕಗಳನ್ನು ಎರಡು ತಂತಿಗಳ ಮೂಲಕ ಹೊರಗೆ ತಿಳಿಸುತ್ತದೆ. ಅದನ್ನು ಓದಿಕೊಳ್ಳುವುದು ಮದರ್‌ಬೋರ್ಡಿನ ಮೇಲಿರುವ, ತಾವು ಇಸಿ ಎಂದು ಕರೆಯುವ ಎಂಬೆಡೆಡ್ ಕಂಟ್ರೋಲರ್. ಇಸಿಯಿಂದ ಆ ಅಂಕಿಗಳನ್ನು ಪಡೆದು ಕಾರ್ಯಾಚರಣ ವ್ಯವಸ್ಥೆಗೆ ಒಪ್ಪಿಸುವುದು ಬಯಾಸಿನೊಳಗೆ ಬರೆದಿಟ್ಟ ಎಸಿಪಿಐ ಎಂಬ ಸಂಹಿತೆ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು 1996ರ ಡಿಸೆಂಬರಿನಲ್ಲಿ ಇದರ ಮೊದಲ ಆವೃತ್ತಿಯನ್ನು ಹೊರತಂದವು. ಅನಂತರ ವಿಂಡೋಸ್ ಆಗಲಿ, ಲಿನಕ್ಸ್ ಕರ್ನೆಲ್ ಆಗಲಿ ಅದನ್ನು ಸ್ವೀಕರಿಸಿ, ತನ್ನ ಮಾನಕ್ಕೆ ಪರಿವರ್ತಿಸಿ, ಕಡೆಗೆ ಪರದೆಯ ಮೇಲಿನ ಆ ಪುಟ್ಟ ಚಿತ್ರಕ್ಕೆ ಕಳುಹಿಸುತ್ತದೆ. ಹೀಗೆ ಐದು ಕೈಗಳನ್ನು ದಾಟಿ ಬಂದ ಸಂಖ್ಯೆಯೊಂದು ತಪ್ಪಾಗಿ ಕಂಡರೆ, ಮೊಟ್ಟಮೊದಲಿನ ಸೆಲ್ಲನ್ನೇ ಅಪರಾಧಿಯೆಂದು ಹಿಡಿಯುವುದಕ್ಕೆ ಆಧಾರವೇನು?

ಇನ್ನು ಆ ಗೇಜ್ ಐಸಿಯಾದರೂ ಸೆಲ್ಲಿನೊಳಗಿನ ಶಕ್ತಿಯನ್ನು ನೇರವಾಗಿ ಕಾಣಬಲ್ಲುದೆ ಎಂದರೆ, ಕಾಣಲಾರದು. ಕಣಜದ ಬಾಗಿಲಲ್ಲಿ ಕುಳಿತು, ಒಳಗೆ ಸುರಿದ ಸೇರೆಷ್ಟು, ಹೊರಗೆ ಅಳೆದ ಸೇರೆಷ್ಟು ಎಂದು ಬರೆದುಕೊಳ್ಳುವ ಲೆಕ್ಕಿಗನಂತೆ, ಅದು ಕೆಲವೇ ಮಿಲಿಓಮುಗಳ ಒಂದು ರೆಸಿಸ್ಟರಿನ ಮೂಲಕ ಹಾಯುವ ವಿದ್ಯುತ್ಪ್ರವಾಹವನ್ನು ಅಳೆದು ಕೂಡುತ್ತ ಕಳೆಯುತ್ತ ಹೋಗುತ್ತದೆ. ಕಣಜದೊಳಗೆ ಇಲಿ ತಿಂದದ್ದು ಲೆಕ್ಕಿಗನಿಗೆ ತಿಳಿಯದಂತೆ, ಸೆಲ್ಲು ತನ್ನಷ್ಟಕ್ಕೆ ತಾನೇ ಕಳೆದುಕೊಳ್ಳುವ ಚಾರ್ಜೂ, ವಯೋಧರ್ಮದಿಂದ ಕುಗ್ಗುವ ಅದರ ಧಾರಣಶಕ್ತಿಯೂ ಈ ಲೆಕ್ಕಕ್ಕೆ ಒಡನೆಯೇ ಗೋಚರವಾಗುವುದಿಲ್ಲ. ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ ವೋಲ್ಟೇಜನ್ನು ನೋಡಿ ತನ್ನ ಲೆಕ್ಕವನ್ನು ತಿದ್ದಿಕೊಳ್ಳುವ ಅವಕಾಶ ಅದಕ್ಕೆ ಉಂಟಾದರೂ, ಸದಾ ಚಾರ್ಜರಿಗೆ ಕಟ್ಟಿಹಾಕಿದ ಲ್ಯಾಪ್‌ಟಾಪಿನಲ್ಲಿ ಅಂಥ ಅವಕಾಶ ತಿಂಗಳುಗಟ್ಟಲೆ ಒದಗದೆ ಹೋಗುವುದುಂಟು. ಇಂತಿರಲು, ನಲವತ್ತು ಎಂದು ತೋರಿಸುತ್ತ ಒಮ್ಮೆಗೇ ಆರಿಹೋಗುವ ಯಂತ್ರದಲ್ಲಿ ಎರಡು ಸಾಧ್ಯತೆಗಳಿವೆ: ಒಂದು, ಗೇಜಿನ ಲೆಕ್ಕ ವಾಸ್ತವದಿಂದ ದೂರ ಸರಿದಿರುವುದು, ಎರಡು, ಸೆಲ್ಲುಗಳ ಆಂತರಿಕ ರೋಧ ಹೆಚ್ಚಿರುವುದು. ರೋಧವು 0.4 ಓಮ್ ಆಗಿದ್ದರೆ 3 ಆಂಪಿಯರ್ ಎಳೆದ ಕ್ಷಣದಲ್ಲಿ ವೋಲ್ಟೇಜು 1.2ರಷ್ಟು ಕುಸಿದು, ಚಾರ್ಜು ಒಳಗಿದ್ದರೂ ಯಂತ್ರ ನಿಂತುಹೋಗುತ್ತದೆ. ಮೊದಲನೆಯದನ್ನು ಖರ್ಚಿಲ್ಲದೆ ಸರಿಪಡಿಸಬಹುದು. ಎರಡನೆಯದಕ್ಕೆ ಹೊಸ ಸೆಲ್ಲುಗಳೇ ಬೇಕು.

ಲೆಕ್ಕಿಗನ ಮಾತು ಹೀಗಾದರೆ, ಲೆಕ್ಕವನ್ನು ಸಾಗಿಸುವವರ ಮಾತು ಇನ್ನೂ ವಿಚಿತ್ರವಾದುದು. ಎಸಿಪಿಐ ಸಂಹಿತೆಯು ಬಯಾಸಿಗೆ ಎರಡು ಮಾನಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟಿದೆ: ಮಿಲಿವ್ಯಾಟ್-ಗಂಟೆ, ಇಲ್ಲವೆ ಮಿಲಿಆಂಪಿಯರ್-ಗಂಟೆ. ಯಾವುದನ್ನು ಆರಿಸಿದೆನೆಂದು ಬಯಾಸು ಸೊನ್ನೆ ಅಥವಾ ಒಂದು ಎಂಬ ಅಂಕೆಯಿಂದ ಸೂಚಿಸತಕ್ಕದ್ದು. ಈ ಒಂದು ಅಂಕೆ ತಪ್ಪಿದರೆ ಏನಾಗುವುದೆಂಬುದನ್ನು ತಾವೇ ಕಾಗದದ ಮೇಲೆ ಲೆಕ್ಕ ಮಾಡಿ ನೋಡಬಹುದು. 4400 ಮಿಲಿಆಂಪಿಯರ್-ಗಂಟೆಯ, 11.1 ವೋಲ್ಟಿನ ಸಾಮಾನ್ಯ ಪ್ಯಾಕಿನಲ್ಲಿ 48.84 ವ್ಯಾಟ್-ಗಂಟೆಗಳಷ್ಟು ಶಕ್ತಿಯಿದೆ. 11 ವ್ಯಾಟ್ ಎಳೆಯುವ ಲ್ಯಾಪ್‌ಟಾಪು ಅದರಿಂದ ನಾಲ್ಕು ಗಂಟೆ ಇಪ್ಪತ್ತಾರು ನಿಮಿಷ ನಡೆಯಬೇಕು. ಅದೇ 4400ನ್ನು ಮಿಲಿವ್ಯಾಟ್-ಗಂಟೆಯೆಂದು ಭ್ರಮಿಸಿದ ವ್ಯವಸ್ಥೆ ಇಪ್ಪತ್ತನಾಲ್ಕೇ ನಿಮಿಷ ಎಂದು ಸಾರುತ್ತದೆ. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ: ಶೇಕಡಾಂಕವು ಉಳಿದ ಚಾರ್ಜಿಗೂ ತುಂಬಿದ ಚಾರ್ಜಿಗೂ ಇರುವ ಪ್ರಮಾಣವಾದುದರಿಂದ, ಎರಡೂ ಒಂದೇ ಮಾನದಲ್ಲಿ ತಪ್ಪಿದ್ದರೆ ಶೇಕಡಾಂಕ ಸರಿಯಾಗಿಯೇ ಇರುತ್ತದೆ, ಕಾಲಾವಧಿ ಮಾತ್ರ ಕೆಡುತ್ತದೆ. ಆದುದರಿಂದ, ಶೇಕಡಾಂಕ ನೆಟ್ಟಗಿದ್ದು ಕಾಲಾವಧಿ ಮಾತ್ರ ಅಸಂಬದ್ಧವಾಗಿರುವ ಯಂತ್ರ ಕೈಗೆ ಬಂದರೆ, ಬ್ಯಾಟರಿಯ ಮೇಲೆ ಕೈಯಿಡುವುದಕ್ಕೆ ಮುಂಚೆ ಮಾನಗಳನ್ನು ಸಂದೇಹಿಸಬೇಕು.

ಈ ಬಗೆಯ ದೋಷ ಕೇವಲ ಊಹೆಯದಲ್ಲ. ಲಿನಕ್ಸ್ ಕರ್ನೆಲಿನ ಬ್ಯಾಟರಿ ಚಾಲಕದ ಮೂಲಪಾಠದಲ್ಲಿಯೇ ಇದಕ್ಕೆ ಲಿಖಿತ ಸಾಕ್ಷ್ಯವಿದೆ. 2010 ಮತ್ತು 2011ರ ಥಿಂಕ್‌ಪ್ಯಾಡ್ ಮಾದರಿಗಳಲ್ಲಿ, ಅಂದರೆ ಎಕ್ಸ್201, ಟಿ410, ಟಿ410ಎಸ್, ಎಕ್ಸ್220 ಎಂಬವುಗಳಲ್ಲಿ, ಚಾರ್ಜರ್ ಹಾಕಿದಾಗ ಒಂದು ಮಾನ, ತೆಗೆದಾಗ ಇನ್ನೊಂದು ಮಾನ ಎಂಬಂತೆ ವರದಿ ಬದಲಾಗುತ್ತಿತ್ತೆಂದೂ, ಮಿಲಿಆಂಪಿಯರ್-ಗಂಟೆಯಲ್ಲಿ ಬಂದ ಬಹುಪಾಲು ಅಂಕಿಗಳನ್ನು ಹತ್ತು ಸಾವಿರದಿಂದ ಗುಣಿಸಿ ವಿನ್ಯಾಸದ ಮಿಲಿವೋಲ್ಟುಗಳಿಂದ ಭಾಗಿಸಿ ತಿದ್ದಬೇಕೆಂದೂ, ಅದಕ್ಕೆ ಹಿಂದಿನ ಮಾದರಿಗಳಿಗೂ 2012ರ ಮಾದರಿಗಳಿಗೂ ಈ ತೊಡಕಿಲ್ಲವೆಂದೂ ಅಲ್ಲಿ ಬರೆದಿದೆ. ಆ ತಿದ್ದುಪಡಿ ಇಂದಿಗೂ ಕರ್ನೆಲಿನಲ್ಲಿದೆ. ಇದೇ ಯಂತ್ರಗಳು ಇಂದಿಗೂ ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ತಮ್ಮ ಕೈಯ ಮೂಲಕವೇ ಹಾದುಹೋಗುತ್ತಿರುವುದರಿಂದ ಇದನ್ನು ವಿಸ್ತಾರವಾಗಿ ಹೇಳಿದೆ.

ಎರಡೇ ನಿಮಿಷ ಉಳಿದಿದೆ ಎಂಬ ದೂರಿನ ಮೂಲವನ್ನು ನಾನು ಕಣ್ಣಾರೆ ಕಂಡದ್ದು ಪದವಿ ಕಾಲೇಜಿನ ಅಧ್ಯಾಪಕಿಯೊಬ್ಬರ ಉಬುಂಟು ಲ್ಯಾಪ್‌ಟಾಪಿನಲ್ಲಿ. ಹೊಸ ಬ್ಯಾಟರಿಯೇ ಗತಿಯೆಂದು ಅಂಗಡಿಯೊಂದರಲ್ಲಿ ಹೇಳಿ ಕಳುಹಿಸಿದ್ದರು. ಪ್ರವಾಹದ ಅಂಕಿಯನ್ನು ತೆರೆದು ನೋಡಿದರೆ ಅದು 64,036 ಮಿಲಿಆಂಪಿಯರ್ ಎಂದಿತ್ತು. ಅಂದರೆ ಅರವತ್ತನಾಲ್ಕು ಆಂಪಿಯರ್! 11.1 ವೋಲ್ಟಿನಲ್ಲಿ ಅದು ಏಳುನೂರು ವ್ಯಾಟಿಗೂ ಮಿಗಿಲಾಯಿತು. ಅಷ್ಟು ಎಳೆಯುವ ಲ್ಯಾಪ್‌ಟಾಪು ಮೊಣಕಾಲಿನ ಮೇಲೆ ತಣ್ಣಗೆ ಕುಳಿತಿರಲಾರದು. ರಹಸ್ಯವಿಷ್ಟೆ: ಸ್ಮಾರ್ಟ್ ಬ್ಯಾಟರಿಯ ನಿಯಮದಂತೆ, ಹೊರಗೆ ಹರಿಯುವ ಪ್ರವಾಹವನ್ನು ಗೇಜು ಹದಿನಾರು ಬಿಟ್‌ಗಳ ಋಣಸಂಖ್ಯೆಯಾಗಿ ಬರೆಯುತ್ತದೆ, ಎಸಿಪಿಐ ಸಂಹಿತೆಯಾದರೋ ಅದನ್ನು ಧನಸಂಖ್ಯೆಯಾಗಿ ಅಪೇಕ್ಷಿಸುತ್ತದೆ, ನಡುವೆ ಇರುವ ಬಯಾಸು ಋಣಚಿಹ್ನೆಯನ್ನು ತೆಗೆಯದೆ ಹಾಗೆಯೇ ದಾಟಿಸಿದರೆ, 1500 ಎಂಬ ಸಾಧುವಾದ ಪ್ರವಾಹ 65,536ರಿಂದ ಕಳೆದು 64,036 ಆಗಿ ಕಾಣಿಸುತ್ತದೆ. ಉಳಿದಿದ್ದ 2200 ಮಿಲಿಆಂಪಿಯರ್-ಗಂಟೆಯನ್ನು 1500ರಿಂದ ಭಾಗಿಸಿದರೆ ಒಂದು ಗಂಟೆ ಇಪ್ಪತ್ತೆಂಟು ನಿಮಿಷ. 64,036ರಿಂದ ಭಾಗಿಸಿದರೆ ಎರಡು ನಿಮಿಷ. ಆ ಎರಡು ನಿಮಿಷದ ಎಚ್ಚರಿಕೆಗೆ ಹೆದರಿ ಆಕೆ ತರಗತಿಯಿಂದ ತರಗತಿಗೆ ಚಾರ್ಜರನ್ನು ಹೊತ್ತು ತಿರುಗುತ್ತಿದ್ದರು. ಬಯಾಸಿನ ಹೊಸ ಆವೃತ್ತಿಯನ್ನು ಹಾಕಿದ ಮೇಲೆ ಅದೇ ಬ್ಯಾಟರಿ ಎಂದಿನಂತೆ ನಡೆಯಿತು.

ಇದೇ ಸಂದರ್ಭದಲ್ಲಿ ಇನ್ನೊಂದು ಸಂಖ್ಯೆಯನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ: 4,29,49,67,295. ತನಗೆ ತಿಳಿಯದ ಅಳತೆಯನ್ನು ಬಯಾಸು ತಿಳಿಯದೆಂದು ಹೇಳುವ ರೀತಿಯೇ ಇದು. ಮೂವತ್ತೆರಡು ಬಿಟ್‌ಗಳೂ ಒಂದಾಗಿರುವ ಸಂಖ್ಯೆ. ಇದನ್ನು ಅಳತೆಯೆಂದು ತಪ್ಪಾಗಿ ಗ್ರಹಿಸುವ ತಂತ್ರಾಂಶಗಳು ಹುಚ್ಚುಹುಚ್ಚಾದ ಅಂಕಿಗಳನ್ನು ತೋರುವುದುಂಟು.

ಹಾಗಾದರೆ ಪರೀಕ್ಷೆಯ ಕ್ರಮವೇನು? ಪರದೆಯ ಮೂಲೆಯ ಚಿತ್ರವನ್ನು ಬದಿಗಿಟ್ಟು, ಅದಕ್ಕೆ ಆಧಾರವಾದ ಅಂಕಿಗಳನ್ನು ಓದುವುದೇ ಮೊದಲ ಹೆಜ್ಜೆ. ವಿಂಡೋಸಿನಲ್ಲಿ, ಎಂಟನೆಯ ಆವೃತ್ತಿಯಿಂದ ಈಚೆಗೆ, ಪವರ್‌ಸಿಎಫ್‌ಜಿ ಎಂಬ ಆಜ್ಞೆಗೆ ಬ್ಯಾಟರಿರಿಪೋರ್ಟ್ ಎಂಬ ಸೂಚನೆಯನ್ನು ಸೇರಿಸಿ ಕೊಟ್ಟರೆ, ವಿನ್ಯಾಸದ ಧಾರಣಶಕ್ತಿ, ಈಗಿನ ಪೂರ್ಣ ಧಾರಣಶಕ್ತಿ, ಬಹಳಷ್ಟು ಯಂತ್ರಗಳಲ್ಲಿ ಚಾರ್ಜ್ ಸೈಕಲ್ಲುಗಳ ಎಣಿಕೆ ಇವೆಲ್ಲ ಒಂದು ಪುಟದಲ್ಲಿ ಸಿಗುತ್ತವೆ. ಲಿನಕ್ಸಿನಲ್ಲಿ ಸಿಸ್ ಎಂಬ ಫೋಲ್ಡರಿನ ಒಳಗೆ ಕ್ಲಾಸ್, ಅದರೊಳಗೆ ಪವರ್ ಸಪ್ಲೈ, ಅದರೊಳಗೆ ಬ್ಯಾಟ್-0 ಎಂದು ಇಳಿದು ಹೋದರೆ ಪ್ರತಿಯೊಂದು ಅಳತೆಗೂ ಒಂದೊಂದು ಫೈಲು ಇರುತ್ತದೆ. ಫೈಲುಗಳ ಹೆಸರು ಎನರ್ಜಿ ಎಂದು ಆರಂಭವಾಗಿದ್ದರೆ ಬಯಾಸು ವ್ಯಾಟ್-ಗಂಟೆಯನ್ನು ಆರಿಸಿದೆಯೆಂದೂ, ಚಾರ್ಜ್ ಎಂದು ಆರಂಭವಾಗಿದ್ದರೆ ಆಂಪಿಯರ್-ಗಂಟೆಯನ್ನು ಆರಿಸಿದೆಯೆಂದೂ ಹೆಸರಿನಿಂದಲೇ ತಿಳಿಯುತ್ತದೆ. ಅಲ್ಲಿನ ಅಂಕಿಗಳು ಮೈಕ್ರೋಮಾನದಲ್ಲಿರುವುದರಿಂದ ಹತ್ತು ಲಕ್ಷದಿಂದ ಭಾಗಿಸಿಕೊಳ್ಳಬೇಕು. ಚಾರ್ಜರನ್ನು ತೆಗೆದು ಕೆಲವು ನಿಮಿಷ ಬಿಟ್ಟು ಮತ್ತೆ ಓದಿದಾಗ ಫೈಲಿನ ಅಂಕಿ ಇಳಿದಿದ್ದು ಪರದೆಯ ಅಂಕಿ ಇಳಿಯದಿದ್ದರೆ, ದೋಷವು ಮೇಲಿನ ತಂತ್ರಾಂಶದ್ದು. ಫೈಲಿನ ಅಂಕಿಗಳನ್ನು ಪರದೆಗೆ ಒದಗಿಸುವ ಯುಪವರ್ ಎಂಬ ಸೇವೆಯನ್ನು ಮತ್ತೆ ಆರಂಭಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಫೈಲಿನ ಅಂಕಿಯೇ ಕದಲದಿದ್ದರೆ, ತಡಕಬೇಕಾದದ್ದು ಇಸಿ ಅಥವಾ ಬಯಾಸಿನಲ್ಲಿ. ಚಾರ್ಜರನ್ನೂ ಬ್ಯಾಟರಿಯನ್ನೂ ಬಿಡಿಸಿ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯುವ, ತಮಗೆಲ್ಲರಿಗೂ ಗೊತ್ತಿರುವ ಉಪಾಯ ಇಲ್ಲಿ ಸಲ್ಲುತ್ತದೆ.

ಅಂಕಿಗಳಲ್ಲಿ ಅತ್ಯಂತ ಸತ್ಯವಾದಿ ವೋಲ್ಟೇಜು. ಧಾರಣಶಕ್ತಿ ಎಂಬುದು ಊಹೆಯಿಂದ ಬಂದದ್ದು. ವೋಲ್ಟೇಜಾದರೋ ಆ ಕ್ಷಣದಲ್ಲಿ ಅಳೆದದ್ದು. ಮೂರು ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದ ಪ್ಯಾಕು ತುಂಬಿದಾಗ 12.6 ವೋಲ್ಟ್, ಬರಿದಾದಾಗ ಸುಮಾರು 9 ವೋಲ್ಟ್ ತೋರುತ್ತದೆ. ವಿಶ್ರಾಂತಿಯಲ್ಲಿ ಸೆಲ್ಲೊಂದಕ್ಕೆ 3.8 ವೋಲ್ಟ್ ಇರುವ ಪ್ಯಾಕು ಶೇಕಡಾ 3ರಲ್ಲಿ ಇರುವುದು ಸಾಧ್ಯವಿಲ್ಲ. ಹಾಗೆಂದು ಗೇಜು ಹೇಳಿದರೆ ಗೇಜು ಲೆಕ್ಕ ತಪ್ಪಿದೆ. ಯಂತ್ರದಿಂದ ಭಾರವಾದ ಕೆಲಸವನ್ನು ಮಾಡಿಸಿದೊಡನೆ ವೋಲ್ಟೇಜು ಒಂದು ವೋಲ್ಟಿಗಿಂತ ಹೆಚ್ಚಾಗಿ ಕುಸಿದು, ಕೆಲಸ ನಿಂತೊಡನೆ ಮೇಲೇರಿದರೆ, ಸೆಲ್ಲುಗಳು ಬಳಲಿವೆ. ಆಗ ಹೊಸ ಬ್ಯಾಟರಿಯ ಮಾತನ್ನು ನಿಸ್ಸಂಕೋಚವಾಗಿ ಹೇಳಬಹುದು. ಯಂತ್ರದಿಂದ ಬಿಡಿಸಿದ ಪ್ಯಾಕಿಗೆ ಮಲ್ಟಿಮೀಟರ್ ಹಿಡಿದು ಸೊನ್ನೆ ಕಂಡರೆ ಮಾತ್ರ ಅವಸರಪಡಬಾರದು. ಒಳಗಿನ ಚಿಪ್ಪು ಯಂತ್ರದ ಸಂಪರ್ಕವಿಲ್ಲದಾಗ ಹೊರಮೊನೆಗಳನ್ನು ಮುಚ್ಚಿಟ್ಟುಕೊಳ್ಳುವ ಪ್ಯಾಕುಗಳು ಎಷ್ಟೋ ಇವೆ.

ತಮ್ಮಲ್ಲಿ ಹಲವರು ಹಳೆಯ ಪ್ಯಾಕನ್ನು ಬಿಚ್ಚಿ ಹೊಸ 18650 ಸೆಲ್ಲುಗಳನ್ನು ತುಂಬಿ ಕೊಡುವ ಮಿತವ್ಯಯದ ಕೆಲಸವನ್ನು ಮಾಡುತ್ತೀರಿ. ಸೆಲ್ಲು ಬದಲಾದರೂ ಗೇಜಿನ ನೆನಪು ಬದಲಾಗುವುದಿಲ್ಲ ಎಂಬುದನ್ನು ಗ್ರಾಹಕರಿಗೆ ತಿಳಿಸಿ ಕಳುಹಿಸುವವರು ವಿರಳ. ಹಳೆಯ ಸೆಲ್ಲುಗಳ ಕುಗ್ಗಿದ ಧಾರಣಶಕ್ತಿಯನ್ನೇ ಗೇಜು ಹಿಡಿದುಕೊಂಡಿರುವುದರಿಂದ, ಹೊಸ ಸೆಲ್ಲುಗಳಿದ್ದೂ ಯಂತ್ರ ಬೇಗನೆ ಬರಿದಾದಂತೆ ತೋರುತ್ತದೆ. ಕೆಲವು ಗೇಜುಗಳು ಸೆಲ್ಲುಗಳ ಸಂಪರ್ಕ ತಪ್ಪಿದೊಡನೆ ಶಾಶ್ವತ ದೋಷವೆಂದು ಗುರುತು ಹಾಕಿಕೊಂಡು ಚಾರ್ಜನ್ನೇ ನಿರಾಕರಿಸುತ್ತವೆ. ಮೊದಲನೆಯದಕ್ಕೆ ಒಮ್ಮೆ ನಿಧಾನವಾಗಿ ಕಲಿಸುವುದೇ ಮಾರ್ಗ: ಪೂರ್ತಿ ಚಾರ್ಜ್ ಮಾಡಿ ಎರಡು ಗಂಟೆ ಸುಮ್ಮನೆ ಬಿಟ್ಟು, ಯಂತ್ರ ತಾನಾಗಿ ನಿಲ್ಲುವವರೆಗೆ ಬ್ಯಾಟರಿಯ ಮೇಲೆ ನಡೆಸಿ, ಐದು ಗಂಟೆ ವಿಶ್ರಾಂತಿ ಕೊಟ್ಟು, ನಡುವೆ ಬಿಡಿಸದೆ ಮತ್ತೆ ಪೂರ್ತಿ ತುಂಬಿಸಬೇಕು. ಪ್ರತಿ ತಿಂಗಳೂ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬೇಕೆಂಬ ಉಪದೇಶ ಹಿಂದಿನ ನಿಕಲ್-ಕ್ಯಾಡ್ಮಿಯಂ ಕಾಲದ್ದು; ಲಿಥಿಯಂ ಸೆಲ್ಲಿಗೆ ಅದು ಹಾನಿಕರ. ಉಬ್ಬಿದ ಬ್ಯಾಟರಿಗಂತೂ ಈ ಪಾಠ ಯಾವುದೂ ಸಲ್ಲದು. ಅದನ್ನು ಆ ಕ್ಷಣವೇ ಯಂತ್ರದಿಂದ ಬೇರ್ಪಡಿಸಬೇಕು. ಬಯಾಸನ್ನು ಹೊಸದಾಗಿಸುವಾಗಲೂ ಸಂದೇಹಾಸ್ಪದ ಬ್ಯಾಟರಿಯನ್ನು ನಂಬದೆ ಚಾರ್ಜರನ್ನು ಜೋಡಿಸಿಯೇ ಇರಬೇಕು.

ದೋಷವೇ ಅಲ್ಲದ ದೂರುಗಳೂ ಕೆಲವುಂಟು. ಎಂಬತ್ತಕ್ಕೆ ಚಾರ್ಜ್ ನಿಂತಿತೆಂದು ಬರುವವರ ಯಂತ್ರದಲ್ಲಿ ಬಾಳಿಕೆಗಾಗಿ ಮಿತಿಯನ್ನು ಇಟ್ಟಿರುವ ಸಂಭವವೇ ಹೆಚ್ಚು. ಎರಡು ಬ್ಯಾಟರಿಗಳಿರುವ ಯಂತ್ರದಲ್ಲಿ 24 ವ್ಯಾಟ್-ಗಂಟೆಯದು ಪೂರ್ತಿ ತುಂಬಿ, 72 ವ್ಯಾಟ್-ಗಂಟೆಯದು ಶೇಕಡಾ 10ರಲ್ಲಿ ಇದ್ದರೆ ಒಟ್ಟು ಚಾರ್ಜು ಶೇಕಡಾ 55 ಆಗದು, 32.5 ಆಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸನ್ನು ಬಹುಕಾಲದಿಂದ ನೋಯಿಸುತ್ತಿರುವ ಒಂದು ಸಂಗತಿಯನ್ನು ಹೇಳದಿರಲಾರೆ. 1995ರ ಆ ನಿಯಮಾವಳಿಯಲ್ಲಿಯೇ, ಗೇಜು ತನ್ನ ಲೆಕ್ಕದಲ್ಲಿ ಶೇಕಡಾ ಎಷ್ಟು ತಪ್ಪಿರಬಹುದೆಂದು ತಾನೇ ತಿಳಿಸುವುದಕ್ಕೆ ಮ್ಯಾಕ್ಸ್ ಎರರ್ ಎಂಬ ಒಂದು ಸ್ಥಾನವನ್ನು ಏರ್ಪಡಿಸಿದ್ದಾರೆ; ಎಸಿಪಿಐ ಸಂಹಿತೆಯ 2009ರ ನಾಲ್ಕನೆಯ ಆವೃತ್ತಿಯಲ್ಲಿಯೂ ಅಳತೆಯ ನಿಖರತೆಯನ್ನು ತಿಳಿಸಲು ಅವಕಾಶವಿದೆ. ಅಳೆಯುವ ಚಿಪ್ಪಿಗೆ ತನ್ನ ಅನಿಶ್ಚಿತತೆಯನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆಯನ್ನು ವಿಧಿಸಿದ ಮೇಲೆ, ಪರದೆಯನ್ನು ರೂಪಿಸುವವರು ಅದನ್ನು ಮರೆಮಾಡಿ 57 ಎಂದೋ 58 ಎಂದೋ ಖಚಿತವಾದ ಒಂದು ಅಂಕಿಯನ್ನು ಮಾತ್ರ ಜನರ ಮುಂದಿಡುವುದು ಸರಿಯಾದ ನಡೆಯೆಂದು ನನಗೆ ತೋರುವುದಿಲ್ಲ. ಆ ಒಂದು ಅಂಕಿಯನ್ನೇ ಪ್ರಮಾಣವೆಂದು ನಂಬಿ ಗ್ರಾಹಕರು ತಮ್ಮಲ್ಲಿಗೆ ಬರುತ್ತಾರೆ. ಅದೇ ಅಂಕಿಯನ್ನು ನಂಬಿ ತಾವೂ ತೀರ್ಪು ಕೊಟ್ಟರೆ, ನಿಜವನ್ನು ಹೇಳಬಲ್ಲವರು ಬೇರೆ ಯಾರೂ ಉಳಿಯುವುದಿಲ್ಲ.

ಆದುದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಎರಡು. ಬಯಾಸಿನ ದೋಷವೆಂದು ಖಚಿತವಾದಾಗ, ಯಂತ್ರದ ಮಾದರಿಯ ಹೆಸರು, ಬಯಾಸಿನ ಆವೃತ್ತಿ, ಮೇಲೆ ಹೇಳಿದ ಫೈಲುಗಳ ಅಂಕಿಗಳು ಇಷ್ಟನ್ನು ಬರೆದು ತಯಾರಕರಿಗೂ, ಲಿನಕ್ಸ್ ಆಗಿದ್ದರೆ ಕರ್ನೆಲಿನ ದೋಷಪಟ್ಟಿಗೂ ತಿಳಿಸಿ; ಕರ್ನೆಲು ಯಂತ್ರವನ್ನು ಅದರ ಹೆಸರಿನಿಂದಲೇ ಗುರುತಿಸಿ ತಿದ್ದುಪಡಿಯನ್ನು ಅನ್ವಯಿಸುವುದರಿಂದ, ತಮ್ಮ ಒಂದು ಟಿಪ್ಪಣಿ ಆ ಮಾದರಿಯನ್ನು ಬಳಸುವ ಎಲ್ಲರಿಗೂ ಉಪಕಾರವಾಗುತ್ತದೆ. ಎರಡನೆಯದಾಗಿ, ಬ್ಯಾಟರಿಯನ್ನು ಬದಲಾಯಿಸಲೇಬೇಕಾದಾಗ, ಹಳೆಯದರ ವಿನ್ಯಾಸದ ಧಾರಣಶಕ್ತಿ, ಈಗಿನ ಪೂರ್ಣ ಧಾರಣಶಕ್ತಿ, ಸೈಕಲ್ಲುಗಳ ಎಣಿಕೆ, ಕೆಲಸದ ಭಾರದಲ್ಲಿ ಕಂಡ ವೋಲ್ಟೇಜು ಈ ನಾಲ್ಕು ಅಂಕಿಗಳನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು ಕೊಡಿ. ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿ ಸಂಗ್ರಾಹಕರಿಗೆ ಒಪ್ಪಿಸಿ. ಬಿಲ್ಲಿನ ಮೇಲೆ ಆ ನಾಲ್ಕು ಅಂಕಿಗಳನ್ನು ಬರೆಯುವ ಪದ್ಧತಿಯನ್ನು ತಮ್ಮಲ್ಲಿ ಯಾರಾದರೂ ಈ ವಾರದಿಂದಲೇ ಆರಂಭಿಸಬೇಕೆಂದು ಕೈಮುಗಿದು ಬೇಡುತ್ತೇನೆ.

ಇಂತು,
ತಮ್ಮ ಹಿತೈಷಿಯಾದ ಒಬ್ಬ ಗ್ರಾಹಕ